ಅಕ್ಷಯಪಾತ್ರೆಯ ಅಂಚಿನ ಅಗುಳು



ಪಾಂಡವರು ವನವಾಸದಲ್ಲಿದ್ದಾಗ ಸೂರ್ಯದೇವನು ಧರ್ಮರಾಜನಿಗೆ ಅನುಗ್ರಹಿಸಿದ ಪಾತ್ರೆಯ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿ ಬಂದಿದ್ದೇವೆ. ಅತಿಥಿಗಳು ಎಷ್ಟು ಮಂದಿ ಬಂದರೂ ಅದರಲ್ಲಿ ಅನ್ನವು ಬತ್ತುತ್ತಿರಲಿಲ್ಲ. ಆದರೆ ಆ ಪಾತ್ರೆಗೂ ಒಂದು ಮೇರೆಯಿತ್ತೆಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ. ದ್ರೌಪದೀದೇವಿಯು ಎಲ್ಲರಿಗೂ ಬಡಿಸಿ, ಕಡೆಗೆ ತಾನು ಉಂಡಳೆಂದರೆ ಅಂದಿಗೆ ಪಾತ್ರೆ ಬರಿದು. ಅಕ್ಷಯವೆಂದು ಹೆಸರಾದ ಪಾತ್ರೆಗೇ ದಿನಕ್ಕೊಂದು ಮಿತಿ! ದುರ್ವಾಸರು ಶಿಷ್ಯಸಮೂಹದೊಡನೆ ಬಂದದ್ದು ಆ ಮಿತಿಯು ಮುಗಿದ ಮೇಲೆ. ದ್ರೌಪದಿಯ ಮೊರೆಗೆ ಓಡಿಬಂದ ಶ್ರೀಕೃಷ್ಣನು ತೊಳೆದಿಟ್ಟಿದ್ದ ಪಾತ್ರೆಯನ್ನೇ ತರಿಸಿ, ಅದರ ಅಂಚಿಗೆ ಅಂಟಿಕೊಂಡಿದ್ದ ಸೊಪ್ಪಿನ ಚೂರನ್ನೂ ಅನ್ನದ ಅಗುಳನ್ನೂ ಹುಡುಕಿ ತೆಗೆದು ಬಾಯಿಗಿಟ್ಟುಕೊಂಡನು. ಸ್ನಾನಕ್ಕೆಂದು ನದಿಗೆ ಇಳಿದಿದ್ದ ಋಷಿಗಳಿಗೆಲ್ಲ ಅಲ್ಲಿಯೇ ತೇಗು ಬಂದಿತು.

ಈ ಪ್ರಸಂಗದಲ್ಲಿ ಭಗವಂತನ ಮಹಿಮೆಯೇ ಪ್ರಧಾನವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಬ್ರಹ್ಮಾಂಡವನ್ನೇ ಉದರದಲ್ಲಿ ಧರಿಸಿದವನು ಪಾತ್ರೆಯ ಅಂಚಿನ ಒಂದು ಅಗುಳನ್ನು ಕಸವೆಂದು ತಳ್ಳಲಿಲ್ಲವೆಂಬುದು ನಮ್ಮ ಮನಸ್ಸಿನಿಂದ ಹೋಗುವುದಿಲ್ಲ. ನಮ್ಮ ಮನೆಗಳ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ನಮ್ಮ ಸಮಾರಾಧನೆಗಳ ಎಲೆಗಳಲ್ಲಿ, ಅಂತಹ ಅಗುಳುಗಳು ಎಷ್ಟು ಹೋಗುತ್ತಿರುವುವೆಂಬುದನ್ನು ನೋಡಿದಾಗ ಈ ಕಥೆಯನ್ನು ಹೇಳಲು ನಾಲಗೆ ಸ್ವಲ್ಪ ಹಿಂಜರಿಯುತ್ತದೆ.

ಶ್ರೀಮದಾಚಾರ್ಯರು ಈಶಾವಾಸ್ಯೋಪನಿಷತ್ತಿಗೆ ಭಾಷ್ಯವನ್ನು ರಚಿಸಿದ್ದಾರೆ. ಜಗತ್ತೆಲ್ಲವೂ ಭಗವಂತನ ಅಧೀನ, ಅವನು ಯಾವುದನ್ನು ಕೊಟ್ಟಿರುವನೋ ಅದರಿಂದ ಮಾತ್ರ ನೀನು ಭೋಗಿಸಬೇಕು, ಪರರದನ್ನು ಬಯಸಬಾರದು ಎಂಬುದು ಅಲ್ಲಿಯ ಮೊದಲ ಮಂತ್ರಕ್ಕೆ ನಮ್ಮ ಸಂಪ್ರದಾಯದಲ್ಲಿ ಹೇಳುವ ಅಭಿಪ್ರಾಯ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಪರತಂತ್ರ. ಹೀಗಿರುವಾಗ ನಮ್ಮ ಮನೆಯಲ್ಲಿರುವ ಅಕ್ಕಿಯಾಗಲಿ, ನೀರಾಗಲಿ, ಉರುವಲಾಗಲಿ, ನಮ್ಮ ವಶದಲ್ಲಿದ್ದರೂ ನಮ್ಮ ಸೊತ್ತಲ್ಲ. ಮನೆಯ ಯಜಮಾನನ ಉಗ್ರಾಣದ ಬೀಗದಕೈ ಹಿಡಿದ ಪಾರುಪತ್ಯಗಾರನು, ಕೇಳುವವರಿಲ್ಲವೆಂದು ಧಾನ್ಯವನ್ನು ಬೀದಿಗೆ ಚೆಲ್ಲಿದರೆ ಅವನನ್ನು ಏನೆಂದು ಕರೆಯುವೆವು? ದೇವತೆಗಳು ಕೊಟ್ಟುದನ್ನು ಅವರಿಗೆ ಅರ್ಪಿಸದೆ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಕಳ್ಳನೆಂದೇ ಕರೆದಿದ್ದಾನೆ. ಉಣ್ಣದೆಯೂ ಹಾಳುಮಾಡುವವನಿಗೆ ಹೆಸರನ್ನು ನಾವೇ ಹುಡುಕಿಕೊಳ್ಳಬೇಕು.

ಶ್ರೀ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಭೋಜನದ ರಸವಿಭಾಗವನ್ನೇ ಕುರಿತ ಒಂದು ಸಂಧಿಯಿರುವುದು ನಮ್ಮ ಮನೆಗಳಲ್ಲಿ ತಿಳಿದ ವಿಷಯ. ಅನ್ನದಲ್ಲಿ ಚಂದ್ರನೂ, ತುಪ್ಪದಲ್ಲಿ ಲಕ್ಷ್ಮೀದೇವಿಯೂ, ಹಾಲಿನಲ್ಲಿ ಸರಸ್ವತೀದೇವಿಯೂ ಸನ್ನಿಹಿತರಾಗಿರುವರೆಂದು, ಅವರೊಳಗೆ ಭಗವಂತನ ಒಂದೊಂದು ರೂಪವಿರುವುದೆಂದು ಚಿಂತಿಸುತ್ತ ಉಣ್ಣಬೇಕೆಂದು ದಾಸರು ಕಲಿಸಿದರು. ಹಾಗೆ ಚಿಂತಿಸುವವನ ಕೈಯಿಂದ ಅನ್ನವು ತೊಟ್ಟಿಗೆ ಬೀಳುವುದು ಕಷ್ಟ.

ಇನ್ನು ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಗುಡಿಯ ಬೀದಿಯಲ್ಲಿ ಒಂದು ಕಪಿಲೆ ಬಣ್ಣದ ಹಸುವಿತ್ತು. ವೈಶ್ವದೇವ, ಬಲಿಹರಣಗಳು ಮುಗಿದು ಗೋಗ್ರಾಸವನ್ನು ತೆಗೆದಿಡುವ ಹೊತ್ತಿಗೆ ಅದು ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುವುದು ವಾಡಿಕೆ. ಒಂದು ಮಾಘಮಾಸದಲ್ಲಿ ಅದು ಬರುವುದನ್ನು ನಿಲ್ಲಿಸಿತು. ಹೋಗಿ ನೋಡಿದಾಗ ಹೊಟ್ಟೆಯ ಎಡಭಾಗವು ಉಬ್ಬಿ, ಮೇವನ್ನು ಮೂಸಿ ಬಿಡುತ್ತಿತ್ತು, ಮೆಲುಕಾಡುವುದೂ ನಿಂತಿತ್ತು. ಪಶುವೈದ್ಯರು ಪರೀಕ್ಷಿಸಿ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿದೆಯೆಂದೂ, ಶಸ್ತ್ರಕ್ರಿಯೆಗೆ ಕಾಲ ಮೀರಿದೆಯೆಂದೂ ಹೇಳಿದರು. ಎರಡು ದಿನಗಳಲ್ಲಿ ಅದು ತೀರಿಕೊಂಡಿತು. ಆಮೇಲೆ ವೈದ್ಯರು ಅದರ ಹೊಟ್ಟೆಯಿಂದ ತೆಗೆದುದನ್ನು ನೋಡಲು ನಮ್ಮಲ್ಲಿ ಇಬ್ಬರು ಹೋಗಿದ್ದರು. ಹಗ್ಗದಂತೆ ಹೊಸೆದುಕೊಂಡ ಚೀಲಗಳ ಉಂಡೆ. ಅದರಲ್ಲಿ ಹಳದಿಯ ಚೀಲಗಳೂ ಕೆಲವಿದ್ದುವು. ಆ ಹಳದಿಯ ಚೀಲಗಳಲ್ಲಿಯೇ ನಾವು ಗುಡಿಯಲ್ಲಿ ಫಲತಾಂಬೂಲ ಕೊಡುತ್ತಿದ್ದೆವು.

ಹಸುವು ಚೀಲವನ್ನು ಆಸೆಯಿಂದ ತಿನ್ನುವುದಿಲ್ಲ. ಮಿಕ್ಕ ಅನ್ನವನ್ನೋ ತರಕಾರಿಯ ಸಿಪ್ಪೆಯನ್ನೋ ನಾವು ಚೀಲದಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿ, ಬೀದಿಯ ಮೂಲೆಗೆ ಎಸೆಯುತ್ತೇವೆ. ಗಂಟು ಬಿಚ್ಚಲು ಅದಕ್ಕೆ ಕೈಗಳಿಲ್ಲ. ಅನ್ನದೊಡನೆ ಚೀಲವೂ ಒಳಗೆ ಹೋಗುತ್ತದೆ. ಮೊದಲ ಹೊಟ್ಟೆಯಲ್ಲಿ ಸೇರಿದ ಪ್ಲಾಸ್ಟಿಕ್ಕು ಅರಗುವುದೂ ಇಲ್ಲ, ಮುಂದಕ್ಕೆ ಸಾಗುವುದೂ ಇಲ್ಲ. ವರ್ಷಗಟ್ಟಲೆ ಅಲ್ಲಿಯೇ ಬೆಳೆಯುತ್ತ ಹೋಗಿ ಮೇವಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಮುಂಬಾಗಿಲಿನಲ್ಲಿ ಗೋಗ್ರಾಸ, ಹಿಂಬಾಗಿಲಿನಲ್ಲಿ ಈ ಗ್ರಾಸ. ಎರಡನ್ನೂ ಕೊಟ್ಟ ಕೈ ಒಂದೇ.

ನಮ್ಮ ಹಿರಿಯರು ಪರಿಸರವನ್ನು ಕಾಪಾಡುವುದಕ್ಕಾಗಿಯೇ ಆಚಾರಗಳನ್ನು ಮಾಡಿದರೆಂದು ಈಚೆಗೆ ವೇದಿಕೆಗಳಲ್ಲಿ ಹೇಳುವುದುಂಟು. ಈ ಮಾತು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಏಕಾದಶಿಯ ಉಪವಾಸವು ಹರಿಪ್ರೀತ್ಯರ್ಥವಾಗಿ ವಿಹಿತವಾದುದೇ ಹೊರತು ಉರುವಲಿನ ಉಳಿತಾಯಕ್ಕಾಗಿ ಅಲ್ಲ. ಚಾತುರ್ಮಾಸ್ಯದ ಶಾಕವ್ರತವು ತರಕಾರಿಯ ಬೆಲೆಯನ್ನು ನೋಡಿ ಹುಟ್ಟಿದುದಲ್ಲ. ಅವರು ಬಾಳೆಯೆಲೆಯಲ್ಲಿ, ಮುತ್ತುಗದ ಎಲೆಯಲ್ಲಿ ಉಂಡು ಹಿತ್ತಲಿಗೆ ಎಸೆದರು, ನಾವೂ ಎಸೆಯುತ್ತೇವೆ. ಎಸೆಯುವ ಅಭ್ಯಾಸವು ಅವರಿಂದ ಬಂದುದೇ. ವ್ಯತ್ಯಾಸವಿಷ್ಟೆ, ಅವರು ಎಸೆದುದನ್ನು ಭೂದೇವಿಯು ತಿಂಗಳೊಪ್ಪತ್ತಿನಲ್ಲಿ ಮಣ್ಣಾಗಿಸಿಕೊಂಡಳು, ನಾವು ಎಸೆಯುವುದನ್ನು ಅವಳು ಹಾಗೆ ಮಾಡಿಕೊಳ್ಳಲಾರಳು. ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಉಳಿಯುತ್ತದೆ. ವಸ್ತು ಬದಲಾದರೂ ಕೈಯ ಅಭ್ಯಾಸವು ಬದಲಾಗಲಿಲ್ಲ. ಆದುದರಿಂದ ಹಿರಿಯರನ್ನು ಹೊಗಳಿ ಸುಮ್ಮನಾಗುವುದರಿಂದ ನಮ್ಮ ಹೊಣೆಯು ತೀರುವುದಿಲ್ಲ.

ಕಾಗದದ ಎಲೆ ಇದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಬಾಳೆಯೆಲೆಯ ಚಿತ್ರವನ್ನು ಮುದ್ರಿಸಿದ, ಹೊಳೆಯುವ ಆ ಎಲೆಗಳ ಮೇಲೆ ಸಾರು ಸೋರದಂತೆ ಪ್ಲಾಸ್ಟಿಕ್ಕಿನ ತೆಳುವಾದ ಪದರವನ್ನು ಸಾಮಾನ್ಯವಾಗಿ ಹಚ್ಚಿರುತ್ತಾರೆ. ಕಾಗದದ ಲೋಟಗಳ ಒಳಗೂ ಅದೇ ಪದರ. ಕರ್ನಾಟಕ ಸರಕಾರವು 2016ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ಕೇಂದ್ರ ಸರಕಾರವು ಒಮ್ಮೆ ಬಳಸಿ ಬಿಸಾಡುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ದೇಶಾದ್ಯಂತ ನಿಷೇಧಿಸಿತು. ರಾಜಶಾಸನಕ್ಕೆ ಹೆದರಿಯಾದರೂ ಬಿಡಬಹುದಿತ್ತು. ಬಿಟ್ಟವರು ಎಷ್ಟು ಮಂದಿಯೆಂಬುದನ್ನು ಯಾವುದಾದರೊಂದು ಉಪನಯನದ ಮರುದಿನ ಛತ್ರದ ಹಿಂದೆ ಹೋಗಿ ನೋಡಬಹುದು.

ಇನ್ನೊಂದು ಸಂಕೋಚದ ವಿಷಯವನ್ನು ಹೇಳಲೇಬೇಕಾಗಿದೆ. ನಾವು ಮಡಿ ಮೈಲಿಗೆಗಳನ್ನು ಸೂಕ್ಷ್ಮವಾಗಿ ಎಣಿಸುವ ಜನ. ಎಂಜಲು ತಾಕಿದ ಕೈಯನ್ನು ತೊಳೆಯದೆ ನೀರಿನ ಬಿಂದಿಗೆಯನ್ನು ಮುಟ್ಟುವುದಿಲ್ಲ, ಉಂಡೆದ್ದ ಸ್ಥಳವನ್ನು ಗೋಮಯದಿಂದ ಶುದ್ಧಿ ಮಾಡುತ್ತೇವೆ. ಆದರೆ ಎಂಜಲನ್ನೂ, ಒಡೆದ ಗಾಜನ್ನೂ, ಮಗುವಿನ ಮೈಲಿಗೆ ಬಟ್ಟೆಯನ್ನೂ ಒಂದೇ ಚೀಲದಲ್ಲಿ ಕಲಸಿ ಬಾಗಿಲ ಹೊರಗಿಟ್ಟರೆ, ಅದನ್ನು ಬೆಳಗಿನ ಜಾವದಲ್ಲಿ ಬಂದ ಪೌರಕಾರ್ಮಿಕರು, ಹೆಚ್ಚಾಗಿ ಹೆಂಗಸರು, ಬರಿಗೈಯಿಂದ ಬೇರ್ಪಡಿಸುತ್ತಾರೆ. ನಮ್ಮ ಮನೆಯ ಶುದ್ಧಿಯು ಇನ್ನೊಬ್ಬ ತಾಯಿಯ ಕೈಯ ಗಾಯದ ಮೇಲೆ ನಿಂತಿದ್ದರೆ ಅದನ್ನು ಶುದ್ಧಿಯೆಂದು ಕರೆಯಲು ನಮಗೆ ಮನಸ್ಸು ಬಾರದು. ಚೀಲವು ಅಲ್ಲಿಗೂ ನಿಲ್ಲುವುದಿಲ್ಲ. ಬೆಂಗಳೂರಿನ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರದ, ಆಮೇಲೆ ಮಂಡೂರಿನ ಹಳ್ಳಿಗರು ತಮ್ಮ ಬಾವಿಯ ನೀರು ಕೆಟ್ಟಿತೆಂದು, ದುರ್ಗಂಧದಲ್ಲಿ ಬದುಕಲಾಗದೆಂದು ಬೀದಿಗಿಳಿದರು; 2014ರಲ್ಲಿ ಮಂಡೂರಿನ ಜನರು ಕಸದ ಲಾರಿಗಳನ್ನು ತಡೆದದ್ದು ಅನೇಕರಿಗೆ ನೆನಪಿರಬಹುದು. ಅನ್ನ, ಸಿಪ್ಪೆಗಳು ಪ್ಲಾಸ್ಟಿಕ್ಕಿನೊಡನೆ ಗಾಳಿಯಿಲ್ಲದ ರಾಶಿಯಲ್ಲಿ ಹೂತು ಕೊಳೆತರೆ ಉರಿಯುವ ಅನಿಲವು ಹುಟ್ಟುತ್ತದೆ, ಇಳಿಯುವ ಕೊಳೆನೀರು ಅಂತರ್ಜಲವನ್ನು ಸೇರುತ್ತದೆ. ಅದೇ ಸಿಪ್ಪೆಯು ನಮ್ಮ ಹಿತ್ತಲಿನಲ್ಲಿದ್ದಿದ್ದರೆ ಗೊಬ್ಬರ.

ಕೆಲವು ಮನೆಗಳಲ್ಲಿ ಬಚ್ಚಲೊಲೆಯನ್ನು ಹೊತ್ತಿಸಲು ಪ್ಲಾಸ್ಟಿಕ್ ಚೀಲವನ್ನು ತುರುಕುವುದನ್ನು ಕಂಡಿದ್ದೇವೆ. ಬೇಗ ಹೊತ್ತಿಕೊಳ್ಳುವುದಂತೆ! ಅಗ್ನಿಯು ದೇವತೆಗಳ ಮುಖ. ಆಜ್ಯವನ್ನೂ ಚರುವನ್ನೂ ಅರ್ಪಿಸುವ ಅದೇ ಅಗ್ನಿಯ ಬಾಯಿಗೆ ವಿಷದ ಹೊಗೆಯೇಳುವ ವಸ್ತುವನ್ನಿಟ್ಟು, ಆ ನೀರಿನಲ್ಲಿ ಮಿಂದು ಸಂಧ್ಯಾವಂದನೆಗೆ ಕುಳಿತುಕೊಳ್ಳುವುದು ಹೇಗೆ?

ಹಾಗಾದರೆ ಎಲ್ಲಿಂದ ಆರಂಭಿಸಬೇಕೆಂದು ಉಪನ್ಯಾಸದ ನಂತರ ಗೃಹಿಣಿಯೊಬ್ಬರು ಕೇಳಿದರು. ಅಕ್ಕಿಯ ಪಾವಿನಿಂದ ಎಂದೆವು. ಉಣ್ಣುವವರನ್ನು ಎಣಿಸಿ ಅಳೆದು ಹಾಕುವುದು, ಸ್ವಲ್ಪ ಸ್ವಲ್ಪವಾಗಿ ಬಡಿಸುವುದು, ಸಾಕೆಂದವರಿಗೆ ಉಪಚಾರಕ್ಕಾಗಿ ಇನ್ನೊಂದು ಹೋಳಿಗೆಯನ್ನು ಎಲೆಗೆ ಎಸೆಯದಿರುವುದು. ಈ ಕೊನೆಯದು ನಮ್ಮವರಿಗೆ ಬಹಳ ಕಷ್ಟವೆಂದು ಬಲ್ಲೆವು. ಬೀಗರ ಪಂಕ್ತಿಯಲ್ಲಿ ಬೇಡವೆಂದರೂ ಬಡಿಸುವುದೇ ಮರ್ಯಾದೆಯೆಂದು ತಿಳಿದು ಬಂದಿದ್ದೇವೆ. ಆ ಮರ್ಯಾದೆಯ ಹೋಳಿಗೆಯು ಎಲ್ಲಿಗೆ ಹೋಯಿತೆಂದು ಬೀಗರೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ. ಪುರಂದರದಾಸರು ನವಕೋಟಿಯನ್ನು ಬಿಟ್ಟು ಬಂದು ಮಧುಕರವೃತ್ತಿಯಲ್ಲಿ ತಂದುದನ್ನು ಅಂದಂದೇ ಮುಗಿಸಿ, ನಾಳೆಗೆಂದು ಇಡುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ನಾವು ಅವರಂತಾಗಲಾರೆವು, ಅಳೆದು ಬೇಯಿಸಬಹುದು.

ಎರಡನೆಯದು ಸಿಪ್ಪೆ ಮತ್ತು ನಿರ್ಮಾಲ್ಯ. ದೇವರಿಗೇರಿಸಿದ ತುಳಸಿ, ಹೂಗಳನ್ನು ಚೀಲದೊಡನೆಯೇ ಸೇತುವೆಯ ಮೇಲಿನಿಂದ ಹೊಳೆಗೆ ಎಸೆಯುವವರಿದ್ದಾರೆ. ಪ್ರತಿದಿನ ಕಲಶದ ನೀರಿನಲ್ಲಿ ಏಳು ನದಿಗಳನ್ನು ಆವಾಹಿಸಿ, ಊರ ಮುಂದಿನ ನದಿಗೆ ಇದನ್ನು ಮಾಡುವುದು ಉಚಿತವಲ್ಲ. ನಿರ್ಮಾಲ್ಯವನ್ನು ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಬಹುದು. ಅಡಿಗೆಮನೆಯ ಸಿಪ್ಪೆಗಾದರೆ ತಳದಲ್ಲಿಯೂ ಬದಿಗಳಲ್ಲಿಯೂ ರಂಧ್ರವಿರುವ ಒಂದು ಮಣ್ಣಿನ ಗುಡಾಣವು ಸಾಕು. ಸಿಪ್ಪೆಯನ್ನು ಚಿಕ್ಕದಾಗಿ ಹೆಚ್ಚಿ ಒಂದು ಪಾಲು ಹಾಕಿ, ಅದರ ಮೇಲೆ ಎರಡು ಪಾಲು ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಮುಚ್ಚಬೇಕು. ಆರಂಭದಲ್ಲಿ ಸ್ವಲ್ಪ ಸಗಣಿಯ ನೀರನ್ನೋ ಹುಳಿ ಮಜ್ಜಿಗೆಯನ್ನೋ ಚಿಮುಕಿಸಿದರೆ ಒಳ್ಳೆಯದು. ವಾರಕ್ಕೊಮ್ಮೆ ಕೋಲಿನಿಂದ ಮಗುಚಿ ಗಾಳಿಯಾಡಿಸಬೇಕು. ಹಿಂಡಿದ ಬಟ್ಟೆಯಷ್ಟು ತೇವವಿರಬೇಕು, ಹೆಚ್ಚಲ್ಲ. ವಾಸನೆ ಬಂದರೆ ನೀರು ಹೆಚ್ಚಾಯಿತೆಂದು ತಿಳಿದು ಒಣ ಎಲೆಯನ್ನು ಸೇರಿಸಬೇಕು. ಎರಡು ಮೂರು ತಿಂಗಳಲ್ಲಿ ಮಳೆಯ ಮಣ್ಣಿನ ಪರಿಮಳವುಳ್ಳ ಕಪ್ಪು ಗೊಬ್ಬರವಾಗುತ್ತದೆ. ಮಡಿಗೆ ತೊಡಕಾಗುವುದೆಂದು ಹೆದರಬೇಕಾದುದಿಲ್ಲ. ಗುಡಾಣವು ದೇವರ ಮನೆಯಿಂದಲೂ ಅಡಿಗೆಮನೆಯಿಂದಲೂ ದೂರವಾಗಿ, ಹಿತ್ತಲಿನಲ್ಲಿಯೋ ಮಹಡಿಯ ಮೇಲೆಯೋ ಇರಲಿ.

ಬಟ್ಟೆಯ ಚೀಲ, ಎಣ್ಣೆಗೆ ಡಬ್ಬಿ, ಪ್ರಯಾಣಕ್ಕೆ ತಾಮ್ರದ ತಂಬಿಗೆ, ಪಾತ್ರೆಗೆ ಸೀಗೆಪುಡಿ ಅಥವಾ ಅಂಟುವಾಳ. ಇವುಗಳನ್ನು ವಿವರಿಸಬೇಕಾದುದಿಲ್ಲ, ಅಜ್ಜಿಯಿರುವ ಮನೆಯಲ್ಲಿ ಅವರನ್ನೇ ಕೇಳಿದರಾಯಿತು.

ದಾನದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಗೌರೀಹಬ್ಬದ ಬಾಗಿನಕ್ಕೆ ಬಿದಿರಿನ ಮೊರದ ಬದಲು ಪ್ಲಾಸ್ಟಿಕ್ಕಿನ ಮೊರವು ಬಂದಿದೆ. ಅಧಿಕಮಾಸದ ಮೂವತ್ತಮೂರು ಅಪೂಪಗಳನ್ನು ಕಂಚಿನ ಪಾತ್ರೆಯಲ್ಲಿಟ್ಟು ಕೊಡಬೇಕಾದಲ್ಲಿ, ಊಟದ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟುದನ್ನು ನೋಡಿದ್ದೇವೆ. ಕಂಚಿಗೆ ಶಕ್ತಿಯಿಲ್ಲದವರು ಬಾಳೆಯೆಲೆಯಲ್ಲಿಟ್ಟು ಕೊಡಲಿ, ತಪ್ಪಿಲ್ಲ. ತೆಗೆದುಕೊಂಡವನು ಬಾಗಿಲು ದಾಟಿದೊಡನೆ ಬಿಸಾಡುವ ವಸ್ತುವನ್ನು ಕೊಟ್ಟು ದಾನವೆಂದು ಸಂಕಲ್ಪ ಮಾಡುವುದಕ್ಕಿಂತ ಅದು ಮೇಲು. ಬಿದಿರಿನ ಮೊರವನ್ನು ಹೆಣೆಯುವ ಮೇದರ ಕುಟುಂಬಕ್ಕೂ ಹಬ್ಬದಲ್ಲಿ ನಾಲ್ಕು ಕಾಸು ಸಿಗಲಿ. ಮನೆಯಿಂದ ಮನೆಗೆ ವರ್ಷಗಟ್ಟಲೆ ಸಂಚರಿಸುವ ರವಿಕೆಯ ಕಣದ ಬಗ್ಗೆ ನಮ್ಮ ಮಾತೆಯರು ತಾವೇ ನಗುತ್ತಾರೆ, ನಾವು ಏನೂ ಹೇಳಹೋಗುವುದಿಲ್ಲ. ಒಂದು ಲೆಕ್ಕದಲ್ಲಿ ಅದಾದರೂ ಕಸವಾಗಲಿಲ್ಲ!

ನಮ್ಮ ಗುಡಿಯಲ್ಲಿ ಕಳೆದ ಆರಾಧನೆಯಲ್ಲಿ ಎಲೆಗೊಂದರಂತೆ ಇನ್ನೂರು ಮಿಲಿಲೀಟರಿನ ನೀರಿನ ಬಾಟಲಿಗಳನ್ನು ಇಟ್ಟಿದ್ದೆವು. ಹಲವರು ಎರಡು ಗುಟುಕು ಕುಡಿದು ಬಿಟ್ಟರು. ಸಂಜೆ ಗೋಣಿಚೀಲಗಳಲ್ಲಿ ತುಂಬಿದಾಗ ಅವು ಪಾಕಶಾಲೆಯ ಕಿಟಕಿಯೆತ್ತರಕ್ಕೆ ನಿಂತುವು, ಅರ್ಧದಷ್ಟರಲ್ಲಿ ನೀರು ಹಾಗೆಯೇ ಇದ್ದಿತು. ಆ ತಪ್ಪು ನಮ್ಮದೇ. ಬಡಿಸುವವರು ಕಡಮೆಯೆಂಬ ನೆಪದಿಂದ ಮಾಡಿದೆವು.

ಶ್ರಾವಣ ಬಹುಳದಲ್ಲಿ ಬರುವ ಶ್ರೀ ರಾಘವೇಂದ್ರಸ್ವಾಮಿಗಳ ಆರಾಧನೆಯ ಮೂರು ದಿನಗಳಲ್ಲಿಯೂ ಈ ಸಲ ಬಾಟಲಿಗಳಿರುವುದಿಲ್ಲ. ತಾಮ್ರದ ಕೊಳಗಗಳಲ್ಲಿ ನೀರನ್ನು ತುಂಬಿಟ್ಟು ಲೋಟಗಳಿಗೆ ಬಡಿಸಲಾಗುವುದು. ಊಟವು ಬಾಳೆಯೆಲೆ ಅಥವಾ ಮುತ್ತುಗದ ಎಲೆಯಲ್ಲಿ. ಫಲತಾಂಬೂಲಕ್ಕೆ ಚೀಲವನ್ನು ಕೊಡಲಾಗುವುದಿಲ್ಲ, ಭಕ್ತರು ಮನೆಯಿಂದ ಬಟ್ಟೆಯ ಚೀಲವನ್ನೋ ಬುಟ್ಟಿಯನ್ನೋ ತರಬೇಕು. ನೀರು ಬಡಿಸಲು ಪ್ರತಿ ಪಂಕ್ತಿಗೆ ನಾಲ್ಕು ಮಂದಿ ತರುಣರು ಬೇಕಾಗಿದ್ದಾರೆ. ಲೋಟಗಳನ್ನು ತೊಳೆಯುವ ಸೇವೆಗೆ ನಮ್ಮಲ್ಲಿ ಕೆಲವರು ಈಗಾಗಲೇ ಹೆಸರು ಕೊಟ್ಟಿದ್ದೇವೆ, ಇನ್ನೂ ಆರು ಮಂದಿಗೆ ಸ್ಥಳವಿದೆ. ಇಚ್ಛೆಯುಳ್ಳವರು ಏಕಾದಶಿಯೊಳಗಾಗಿ ಗುಡಿಯ ಪಾರುಪತ್ಯಗಾರರಲ್ಲಿ ತಿಳಿಸತಕ್ಕದ್ದು.

ಶ್ರೀಕೃಷ್ಣಾರ್ಪಣಮಸ್ತು