ಕೇಳಿದ ಊರು, ಕಳಿಸಿದ ಊರು

ಅಕ್ಟೋಬರ್ ಬಂತೆಂದರೆ ಕರಾವಳಿಯ ಇಗರ್ಜಿಗಳಲ್ಲಿ ಮಿಷನ್ ಭಾನುವಾರದ ಸಡಗರ. ಹನ್ನೊಂದನೇ ಪಿಯುಸ್ ಪೋಪ್ ಆಗಿದ್ದಾಗ, 1926ರಲ್ಲಿ, ಜಗತ್ತಿನ ಎಲ್ಲ ಕಥೋಲಿಕ ಧರ್ಮಸಭೆಗಳಿಗೂ ಗೊತ್ತುಮಾಡಿದ ದಿನ ಅದು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಬಾಳೆಗೊನೆ, ಊರಕೋಳಿ, ಸೌತೆಕಾಯಿ, ತೆಂಗಿನಕಾಯಿ, ಹೀಗೆ ತಮ್ಮ ತೋಟದ್ದನ್ನು ತಂದವರೇ ಪೈಪೋಟಿಯಲ್ಲಿ ಕೂಗಿ ಕೊಳ್ಳುತ್ತಾರೆ. ಕೂಡಿದ ಹಣ ಸುವಾರ್ತಾ ಸೇವೆಗೆ ಹೋಗುತ್ತದೆ. ಕೊಡುವ ಕೈ ದೊಡ್ಡದೇ. ಆದರೆ ಹಣವನ್ನಲ್ಲ, ನಮ್ಮನ್ನೇ ಕೊಡಬೇಕಾಗಿ ಬಂದರೆ? ಅದೂ ನಾವು ಬಯಸಿದ ಕಡೆಗಲ್ಲ, ಬೇರೆಯವರು ಹೇಳಿದ ಕಡೆಗೆ ಹೋಗಬೇಕಾಗಿ ಬಂದರೆ?

ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಒಂದು ಉತ್ತರವಿದೆ. ಫರಂಗಿಪೇಟೆಯಿಂದ ನೇತ್ರಾವತಿ ದಾಟಿ ದಕ್ಷಿಣಕ್ಕೆ ಹೋದರೆ ಮುಡಿಪು ಗುಡ್ಡ ಸಿಗುತ್ತದೆ. ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರ ಅಲ್ಲಿದೆ. ಅವರ ಪ್ರಾರ್ಥನೆಗೆ ಅಲ್ಲಿ ನೀರು ಒಸರಿತೆಂದು ಭಕ್ತರು ನಂಬುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಆ ಪವಾಡವಲ್ಲ, ಅವರು ಈ ಕಡೆ ಬಂದ ಬಗೆ.

ಗೋವೆಯಲ್ಲಿ 1651ರಲ್ಲಿ ಹುಟ್ಟಿದ ವಾಜ್ ಹೋಗಬೇಕೆಂದಿದ್ದು ಲಂಕೆಗೆ. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಓಡಿಸಿದ್ದರು, ಭಕ್ತರು ಕದ್ದುಮುಚ್ಚಿ ಪ್ರಾರ್ಥಿಸುತ್ತಿದ್ದರು. ಅವರ ನಡುವೆ ಇರುತ್ತೇನೆಂದು ವಾಜ್ ಕೇಳಿಕೊಂಡರು. ಹಿರಿಯರು 1681ರಲ್ಲಿ ಅವರನ್ನು ಕಳಿಸಿದ್ದು ಮಾತ್ರ ನಮ್ಮ ಈ ಕೆನರಾ ಕರಾವಳಿಗೆ. ಇಲ್ಲಿ ಹುತಾತ್ಮನಾಗುವ ಅವಕಾಶವಿರಲಿಲ್ಲ, ಜಗಳ ಬಿಡಿಸುವ ಕೆಲಸವಿತ್ತು. ರೋಮ್ ನೇಮಿಸಿದ ಬಿಷಪರದು ಒಂದು ಪಕ್ಷ, ಗೋವೆಯ ಆರ್ಚ್‌ಬಿಷಪರದು ಇನ್ನೊಂದು. ಯಾವ ಪಾದ್ರಿಯ ಮಾತು ಕೇಳಬೇಕೆಂದು ತಿಳಿಯದೆ ಜನ ಕಂಗೆಟ್ಟಿದ್ದರು. ದೊಡ್ಡ ಕನಸು ಹೊತ್ತ ಯುವ ಪಾದ್ರಿಗೆ ಇದಕ್ಕಿಂತ ಸಪ್ಪೆಯ ಕೆಲಸ ಇನ್ನೇನಿದ್ದೀತು?

ವಾಜ್ ಆ ಕೆಲಸವನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಬರಿಗಾಲಲ್ಲಿ ಊರೂರು ತಿರುಗಿದರು, ಎರಡೂ ಕಡೆಯವರ ಮಾತು ಕೇಳಿದರು, ಪಾಳುಬಿದ್ದ ಕಡೆ ಮತ್ತೆ ಪೂಜೆ ನಡೆಯುವಂತೆ ಮಾಡಿದರು. ಮೂರು ವರ್ಷದ ಬಳಿಕ ಗೋವೆಗೆ ಮರಳಿ, ಸ್ಥಳೀಯ ಪಾದ್ರಿಗಳೇ ಕಟ್ಟಿಕೊಂಡಿದ್ದ ಒರಟೋರಿಯನ್ ಸಂಘವನ್ನು ಸೇರಿದರು. ಲಂಕೆಯ ದಾರಿ ತೆರೆದದ್ದು 1687ರಲ್ಲಿ. ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಇಳಿದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಬೀದಿ ಸುತ್ತಿ, ಅದನ್ನು ನೋಡಿ ಯಾರ ಕಣ್ಣು ಅರಳುತ್ತದೆಂದು ಗಮನಿಸಿ ತಮ್ಮವರನ್ನು ಹುಡುಕಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. 1697ರಲ್ಲಿ ಸಿಡುಬು ಬಂದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ಜಾತಿಮತ ನೋಡದೆ ಆರೈಕೆ ಮಾಡಿದರು. ಸಂಶಯಪಟ್ಟಿದ್ದ ಬೌದ್ಧ ಅರಸನೇ ಅವರನ್ನು ಮೆಚ್ಚಿದ. ತಾಯ್ನಾಡಿಗೆ ಮರಳದೆ 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಲಂಕೆಯಲ್ಲಿ ಬೇಕಾದ ತಾಳ್ಮೆಯನ್ನು ವಾಜ್ ರೂಢಿಸಿಕೊಂಡದ್ದು ಕೆನರಾದ ಈ ಬೇಸರದ ಕೆಲಸದಲ್ಲೇ ಇರಬೇಕು ಎಂದು ನನಗನಿಸುತ್ತದೆ. ದೇವರ ಹೆಸರಿನಲ್ಲಿ ಹೊರಟವರು ತಾವು ಆರಿಸಿಕೊಂಡ ಕಷ್ಟವನ್ನು ಸುಲಭವಾಗಿ ಸಹಿಸುತ್ತಾರೆ. ಆರಿಸಿಕೊಳ್ಳದ ಕೆಲಸದ ಎದುರು ನಿಂತಾಗಲೇ ಅರ್ಪಣೆ ಎಷ್ಟು, ಹಟ ಎಷ್ಟು ಎಂಬುದು ಬೇರೆಯಾಗುತ್ತದೆ. ಬೈಬಲಿನ ಯೋನನನ್ನು ನೋಡಿ. ಅವನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ, ನಿನೆವೆ ಬೇಡವಾಗಿತ್ತು. ಅದಕ್ಕೇ ತಾರ್ಷೀಷಿನ ಹಡಗು ಹತ್ತಿದ.

ಮಂಗಳೂರಿನ ಕಂಕನಾಡಿಯಲ್ಲೂ ಇಂಥದೇ ಒಂದು ಬಾಳು ಸವೆಯಿತು. ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದದ್ದು ವೈದ್ಯರಾಗಿ ಅಲ್ಲ. ಅವರಿಗೆ ಒಪ್ಪಿಸಿದ್ದು ಪಾಠ ಹೇಳುವ ಕೆಲಸ. ಆದರೆ ಕಾಯಿಲೆಯವರು ಬಾಗಿಲಿಗೆ ಬಂದಾಗ, ತಮಗೆ ಗೊತ್ತಿದ್ದ ಹೋಮಿಯೋಪಥಿಯ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೂ ಆಯಿತು. ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಯಾವ ಮತದವರೇ ಆಗಲಿ ಬಸ್ಸು ಹತ್ತಿ ಹೋಗುವ ಫಾದರ್ ಮುಲ್ಲರ್ ಆಸ್ಪತ್ರೆ ಹುಟ್ಟಿದ್ದು, ಹೀಗೆ ಎದುರಿಗೆ ಬಂದ ಅಗತ್ಯಕ್ಕೆ ಬಾಗಿಲು ಹಾಕದಿದ್ದುದರಿಂದ.

ಹಾಗೆಂದು ನಿಷ್ಠೆಯಿಂದ ದುಡಿದರೆ ಫಲ ಖಂಡಿತ ಎಂದುಕೊಳ್ಳುವಂತಿಲ್ಲ. ಈ ಪಾಠ ಹೇಳಲು ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯೇ ಸಾಕು. ಅಲ್ಲಿ ಫಾದರ್ ಮಿರಾಂಡ ಎಂಬ ಗೋವೆಯ ಪಾದ್ರಿ ಇದ್ದರು. ಹೈದರಾಲಿಗೂ ಅವರಿಗೂ ಸ್ನೇಹವಿತ್ತು. ಟಿಪ್ಪು 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಇಗರ್ಜಿಗಳನ್ನು ಕೆಡವಿಸಿದಾಗ, ಆ ಹಳೆಯ ಸ್ನೇಹದಿಂದಾಗಿ ಈ ಇಗರ್ಜಿ ಉಳಿಯಿತೆಂದು ಹೇಳುತ್ತಾರೆ. ಸ್ನೇಹ ಕಟ್ಟಡವನ್ನು ಉಳಿಸಿತು, ಜನರನ್ನು ಉಳಿಸಲಿಲ್ಲ. ಸೆರೆಯಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದು, ಬಿದ್ದ ಇಗರ್ಜಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಪಾದ್ರಿಗಳಿಲ್ಲದ ಅಷ್ಟೂ ವರ್ಷ ವಿಶ್ವಾಸವನ್ನು ಕಾದವರು ಮನೆಮಂದಿ. ಸೇವೆ ಎಂದರೆ ಪಾದ್ರಿಯ ಸ್ವತ್ತಲ್ಲ ಎಂದು ಅವರು ಬದುಕಿ ತೋರಿಸಿದರು.

ಯೇಸು ಶಿಷ್ಯರನ್ನು ಕಳಿಸುವಾಗ ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರ ಬೇಡ ಎಂದರಂತೆ. ಬರಿಗೈಯಲ್ಲಿ ಹೋದವನು ಉಣ್ಣಲು, ಮಲಗಲು ಆ ಊರಿನವರನ್ನೇ ನಂಬಬೇಕು. ಕೊಡಲು ಹೋದವನೇ ಮೊದಲು ಬೇಡಬೇಕು. ಕಳಿಸಿದಾತನ ಮೇಲೆ ಭರವಸೆ ಇದೆ ಎನ್ನುವುದು ಸುಲಭ. ಯಾರ ಬಳಿಗೆ ಹೋಗಿದ್ದೇವೋ ಅವರ ಮೇಲೆ ಭರವಸೆ ಇಡುವುದು ಕಷ್ಟ. ಮಿಷನ್ ಕೆಲಸ ಅಧಿಕಾರದ ನೆರಳಲ್ಲಿ ನಡೆದಾಗ ಜನ ಅದನ್ನು ಸಂಶಯದಿಂದ ನೋಡಿದ್ದರಲ್ಲಿ ತಪ್ಪೇನಿಲ್ಲ. ಆ ಸಂಶಯ ಕರಗುವುದು ವಾದದಿಂದಲ್ಲ, ಸಿಡುಬಿನ ರೋಗಿಯ ಪಕ್ಕ ಕುಳಿತಂಥ ದಿನಗಳಿಂದ.

ಕರೆ ಬರುವುದು ಪಾದ್ರಿಗಳಿಗೂ ಸಿಸ್ಟರುಗಳಿಗೂ ಮಾತ್ರವಲ್ಲ. ಬೇಡದ ಊರಿಗೆ ವರ್ಗವಾದ ಮಾಸ್ತರಿಗೆ, ರಾತ್ರಿ ಪಾಳಿಯ ನರ್ಸಿಗೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಅದು ಹೆಸರು ಹೇಳದೆ ಬರುತ್ತದೆ. ದೇವರಿಗಾಗಿ ಏನಾದರೂ ದೊಡ್ಡದು ಮಾಡಬೇಕೆಂದು ಕಾಯುವವರು, ಈಗ ಕೈಯಲ್ಲಿರುವ ಕೆಲಸವನ್ನು ಯಾರು ಕೊಟ್ಟರೆಂದು ಕೇಳಿಕೊಳ್ಳಲಿ. ಕೇಳಿದ ಊರು ಎಲ್ಲರಿಗೂ ಸಿಗುವುದಿಲ್ಲ. ಕಳಿಸಿದ ಊರಿನಲ್ಲಿ ಮನಸ್ಸಿಟ್ಟು ದುಡಿಯದವನಿಗೆ, ಕೇಳಿದ ಊರು ಸಿಕ್ಕಿದರೂ ಅಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ.