ಹಲಗೆ ಬಿಟ್ಟವರು, ಕುಣಿತ ಕಲಿಯುವವರು

‘ಹಲಗಿ ಬಿಡ್ಲಾಕ ನಾವು ಏಟು ತಿಂದೀವಿ. ಈಗ ನೀ ಕುಣಿಯೋದು ಕಲೀತೀನಂತಿ. ಯಾರ ಮುಂದ ಕುಣೀತಿ ಹೇಳು?’

ಚಿಮ್ಮನಚೋಡದ ನಮ್ಮ ಕೇರಿಯಲ್ಲಿ ಮುತ್ಯಾನೊಬ್ಬ ಮೊಮ್ಮಗಳಿಗೆ ಕೇಳಿದ ಮಾತಿದು. ಹುಡುಗಿ ಹತ್ತನೆಯ ತರಗತಿಯವಳು. ಮೊಬೈಲಿನಲ್ಲಿ ಒಂದು ಕುಣಿತ ನೋಡಿ ಹುಚ್ಚು ಹಿಡಿಸಿಕೊಂಡಿದ್ದಳು. ಮುತ್ಯಾನ ಪ್ರಶ್ನೆಗೆ ಅಲ್ಲಿದ್ದ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಚಳವಳಿಯಲ್ಲಿ ಇಷ್ಟು ವರ್ಷ ಓಡಾಡಿದ ನಾವು ಆವತ್ತು ಬಾಯಿ ಮುಚ್ಚಿಕೊಂಡು ಎದ್ದು ಬಂದೆವು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಹುಡುಗಿ ನೋಡಿದ ಕುಣಿತದ ಕಥೆ ಮೊದಲು ಹೇಳಬೇಕು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕುಣಿಯುವವರೇ ಕಟ್ಟಿಕೊಂಡ ಒಂದು ಊರಿದೆ, ನೃತ್ಯಗ್ರಾಮ. ಸರ್ಕಾರ ಗುತ್ತಿಗೆಗೆ ಕೊಟ್ಟ ಸುಮಾರು 10 ಎಕರೆ ನೆಲದಲ್ಲಿ ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ ಅದನ್ನು ಕಟ್ಟಿದರು. 1990ರಲ್ಲಿ ಅದನ್ನು ಉದ್ಘಾಟಿಸಿದವರು ವಿ.ಪಿ. ಸಿಂಗ್. ಅದೇ ವರ್ಷ ಮಂಡಲ್ ವರದಿ ಜಾರಿ ಮಾಡುತ್ತೇವೆಂದು ಸಾರಿ, ಮೇಲ್ಜಾತಿಗಳ ಸಿಟ್ಟು ಹೊತ್ತುಕೊಂಡ ಪ್ರಧಾನಿ. ಗುರು ಶಿಷ್ಯರು ಒಂದೇ ಕಡೆ ಬಾಳಬೇಕು, ಒಟ್ಟಿಗೆ ಉಣ್ಣಬೇಕು, ತಮ್ಮ ಅಂಗಳ ತಾವೇ ಗುಡಿಸಬೇಕು, ತಾವು ತಿನ್ನುವ ಕಾಯಿಪಲ್ಯ ತಾವೇ ಬೆಳೆಯಬೇಕು, ಮಿಕ್ಕ ಹೊತ್ತೆಲ್ಲ ಕುಣಿಯಬೇಕು. ಇದು ಬೇಡಿಯವರ ಕನಸು. 1998ರಲ್ಲಿ ಕೈಲಾಸ ಯಾತ್ರೆಯ ದಾರಿಯಲ್ಲಿ ಗುಡ್ಡ ಕುಸಿದು ಅವರು ತೀರಿಕೊಂಡರು. ಅವರ ಶಿಷ್ಯೆಯರಾದ ಸುರೂಪಾ ಸೇನ್, ಬಿಜಯಿನಿ ಸತ್ಪತಿ ಮುಂತಾದವರು ಅದನ್ನು ಬೆಳೆಸಿದರು.

ಈ ಊರಿಗೆ ಕಡಲು ದಾಟಿ ಬಂದವಳು ಶ್ರೀಲಂಕೆಯ ನರ್ತಕಿ ತಾಜಿ ಡಯಾಸ್. ಅಲ್ಲಿಯ ಹೆಸರಾಂತ ನೃತ್ಯಗಾರ ಚಿತ್ರಸೇನರ ಮೊಮ್ಮಗಳು. ತನ್ನ ನಾಡಿನ ಕ್ಯಾಂಡಿ ನೃತ್ಯದಲ್ಲಿ ಪಳಗಿದವಳು ಪರದೇಶದ ಈ ಊರಿನಲ್ಲಿ ಮತ್ತೆ ಅಭ್ಯಾಸಕ್ಕೆ ನಿಂತಳು. ನೃತ್ಯಗ್ರಾಮವೂ ಚಿತ್ರಸೇನ ತಂಡವೂ ಕೂಡಿ 2012ರಲ್ಲಿ ‘ಸಂಹಾರ’ ಎಂಬ ಪ್ರಯೋಗ ರಂಗಕ್ಕೆ ತಂದವು. ನಮ್ಮ ಹುಡುಗಿ ನೋಡಿದ್ದು ಅದರದೇ ತುಣುಕು. ಎರಡೂ ಕುಣಿತಗಳಲ್ಲಿ ಮಂಡಿ ಅಗಲಿಸಿ, ಬಾಗಿಸಿ, ನೆಲಕ್ಕೆ ಹತ್ತಿರವಾಗಿ ನಿಲ್ಲುತ್ತಾರೆ. ಆದರೆ ಒಡಿಸ್ಸಿಯ ಮೈ ಸೊಂಟದಲ್ಲಿ, ಎದೆಯಲ್ಲಿ, ಕೊರಳಲ್ಲಿ ಮುರಿದು ಬಳುಕುತ್ತದೆ. ಕ್ಯಾಂಡಿಯ ಮೈ ಬೆನ್ನು ನೆಟ್ಟಗೆ ಮಾಡಿ ಹಾರುತ್ತದೆ, ಗಿರ್ರನೆ ಸುತ್ತುತ್ತದೆ. ಒಂದಕ್ಕೆ ಮರ್ದಳ, ಇನ್ನೊಂದಕ್ಕೆ ಗೆಟ ಬೆರ ಎಂಬ ಚರ್ಮವಾದ್ಯ. ಇನ್ನೊಬ್ಬರ ತಾಳ ಮೈಗೆ ಹತ್ತಬೇಕಾದರೆ ತನ್ನ ಮೈಯ ರೂಢಿಯನ್ನು ಸ್ವಲ್ಪ ಮರೆಯಬೇಕು. ಗುರುಕುಲದ ದುಡಿಮೆ ಎಂದರೆ ಇದೇ. ಬೆವರು ಸುರಿಯುತ್ತದೆ, ಕಾಲು ಬಾಯುತ್ತದೆ, ತಲೆ ಬಾಗಿಸಿ ಕಲಿಯಬೇಕಾಗುತ್ತದೆ.

ಇಲ್ಲಿಯವರೆಗೆ ಇದು ಬರೀ ಕಲೆಯ ಮಾತು. ಈಗ ನಮ್ಮ ಮಾತಿಗೆ ಬರೋಣ. ಈ ಕ್ಯಾಂಡಿ ಕುಣಿತ ಯಾರದು? ‘ಬೆರವಾ’ ಎಂಬ ಜಾತಿಯವರದು. ಬೆರ ಅಂದರೆ ಸಿಂಹಳದಲ್ಲಿ ಚರ್ಮವಾದ್ಯ. ವಾದ್ಯದ ಹೆಸರೇ ಜಾತಿಯ ಹೆಸರು. ‘ಕೊಹೊಂಬ ಕಂಕಾರಿಯ’ ಎಂಬ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಊರಿನ ಕೇಡು ಕಳೆಯಲೆಂದು ಕುಣಿಯುತ್ತಿದ್ದವರು ಅವರು. ಊರ ಕೇಡು ಕಳೆಯಲು ಅವರು ಬೇಕು, ಊರ ಸಾಲಿನಲ್ಲಿ ಮಾತ್ರ ಅವರು ಕೆಳಗೆ. ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಜಾತಿಯ ಗುರುಗಳ ಕಾಲ ಬಳಿ ಕೂತು ಚಿತ್ರಸೇನ ಕಲಿತರು, ಕುಣಿತವನ್ನು ರಂಗಕ್ಕೆ ತಂದರು. ಹೆಂಗಸರಿಗಿಲ್ಲದ ಆ ಕುಣಿತವನ್ನು ಅವರ ಹೆಂಡತಿ ವಜಿರಾ ಕಲಿತು ಕುಣಿದರು. ಆಮೇಲೆ ಅದು ಶಾಲೆಯ ಪಾಠವಾಯಿತು, ಒಂದು ದೇಶದ ಗುರುತೇ ಆಯಿತು.

ಒಡಿಸ್ಸಿಯ ಕಥೆಯೂ ಬೇರೆಯಲ್ಲ. ಪುರಿಯ ಗುಡಿಯಲ್ಲಿ ದೇವರಿಗೆ ಬಿಟ್ಟ ಹೆಣ್ಣುಗಳಾದ ಮಹರಿಯರು, ಹೆಣ್ಣುಡುಗೆ ತೊಟ್ಟು ಕುಣಿಯುವ ಗೋಟಿಪುಅ ಹುಡುಗರು, ಇವರ ಮೈಯಲ್ಲಿದ್ದದ್ದು ಆ ವಿದ್ಯೆ. ಮಹರಿ ಮನೆಯಲ್ಲಿ ಬೆಳೆದ ಪಂಕಜಚರಣ ದಾಸ್, ಗೋಟಿಪುಅ ಆಗಿದ್ದ ಕೇಳುಚರಣ ಮಹಾಪಾತ್ರ ಅದನ್ನು ರಂಗಕ್ಕೆ ದಾಟಿಸಿದರು. 1958ರಲ್ಲಿ ಕಟಕ್‌ನ ‘ಜಯಂತಿಕಾ’ ಬಳಗ ಅದಕ್ಕೆ ಶಾಸ್ತ್ರದ ಕಟ್ಟು ಹಾಕಿತು. ಕುಣಿತಕ್ಕೆ ಮರ್ಯಾದೆ ಬಂತು. ಕುಣಿದವರಿಗೆ ಬಂತೇ? ಪುರಿಯ ಕೊನೆಯ ಮಹರಿಯರು ನಮ್ಮ ಕಣ್ಣೆದುರೇ ತೀರಿಕೊಂಡರು. ಅವರ ಜಾಗಕ್ಕೆ ಯಾವ ಒಳ್ಳೆಯ ಮನೆಯ ಹೆಣ್ಣೂ ಹೋಗಲಿಲ್ಲ, ಹೋಗಬಾರದು ಕೂಡ. ಆದರೆ ಅವರ ಹೆಜ್ಜೆ ಮಾತ್ರ ಎಲ್ಲ ಒಳ್ಳೆಯ ಮನೆಗಳಿಗೂ ಹೋಯಿತು.

ಇಷ್ಟಾದ ಮೇಲೆ ‘ಕಲೆಗೆ ಜಾತಿಯಿಲ್ಲ’ ಎಂದು ಹೇಳುವವರಿದ್ದಾರೆ. ಇದು ಸುಳ್ಳು. ಕಲೆಯನ್ನು ಬೆನ್ನ ಮೇಲೆ ಹೊರಿಸುವಾಗ ಜಾತಿ ಇತ್ತು. ಸಭೆಯಲ್ಲಿ ಹಾರ ಹಾಕುವಾಗ ಮಾತ್ರ ಅದು ಮಾಯವಾಯಿತು.

ಹಾಗಂತ ಹೆಸರಘಟ್ಟದ ಊರನ್ನು ಉಗಿದು ಕೈ ತೊಳೆದುಕೊಳ್ಳುವುದೂ ಸುಲಭದ ದಾರಿ. ಸ್ಮಶಾನಕ್ಕೆ ಅರ್ಧ ಎಕರೆ ಕೇಳಿ ಚಪ್ಪಲಿ ಸವೆಸುವ ನಮಗೆ 10 ಎಕರೆಯ ಕುಣಿತದ ಊರು ಕಂಡರೆ ಹೊಟ್ಟೆ ಉರಿಯುತ್ತದೆ, ನಿಜ. ಹೊಟ್ಟೆಯುರಿಯೇ ವಿಚಾರ ಆಗುವುದಿಲ್ಲ. ಅಲ್ಲಿಯ ನರ್ತಕಿ ಕಸ ಗುಡಿಸುತ್ತಾಳೆ, ನಮ್ಮ ತಾಯಂದಿರೂ ಗುಡಿಸುತ್ತಾರೆ. ಅವಳು ಗುರುವಿನ ಮುಂದೆ ತಲೆ ಬಾಗಿಸುತ್ತಾಳೆ, ನಮ್ಮ ಮುತ್ಯಾ ಗೌಡರ ಮುಂದೆ ಬಾಗಿಸಿದ. ನೋಡಲು ಎರಡೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ವ್ಯತ್ಯಾಸ ಬಾಗಿಲಿನಲ್ಲಿದೆ. ನಾಳೆ ಬೇಡ ಅನಿಸಿದರೆ ಆ ನರ್ತಕಿ ಗೆಜ್ಜೆ ಬಿಚ್ಚಿಟ್ಟು ಮನೆಗೆ ಹೋಗಬಹುದು. ಯಾರೂ ಅವಳಿಗೆ ಕಿರಾಣಿ ಅಂಗಡಿಯಲ್ಲಿ ಉಪ್ಪು ಎಣ್ಣೆ ನಿಲ್ಲಿಸುವುದಿಲ್ಲ. ನಮ್ಮ ಮುತ್ಯಾ ಹೆಣದ ಮುಂದೆ ಹಲಗೆ ಬಾರಿಸುವುದಿಲ್ಲ, ಡಂಗುರ ಸಾರುವುದಿಲ್ಲ ಅಂದಾಗ ಏನಾಯಿತು? ಹಾಗೆ ಅಂದ ಎಷ್ಟೋ ಕೇರಿಗಳಿಗೆ ಕೂಲಿ ನಿಂತಿತು, ಬಾವಿ ನಿಂತಿತು, ದಾರಿ ನಿಂತಿತು. ಕುಣಿತವೋ ಹಲಗೆಯೋ ಕಸಬರಿಗೆಯೋ ಅನ್ನುವುದಕ್ಕಿಂತ ಬೇಡ ಅನ್ನಲು ಆಗುತ್ತದೋ ಇಲ್ಲವೋ ಅನ್ನುವುದರಿಂದ ಒಂದು ಕೆಲಸ ಕಲೆಯೋ ಜೀತವೋ ಗೊತ್ತಾಗುತ್ತದೆ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ತಿದ್ದುಪಡಿಗೆ ಮಸೂದೆ ತಂದದ್ದು ಇಂಥ ಬಾಗಿಲು ತೆಗೆಯಲೆಂದೇ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಹೊಗಳುವವರ ಬಾಯಿ ಮುಚ್ಚಿಸಿದರು. ಬೇಡಿಯವರು ‘ಗ್ರಾಮ’ ಎಂಬ ಹೆಸರನ್ನು ಪ್ರೀತಿಯಿಂದ ಇಟ್ಟರು. ಅವರ ಗ್ರಾಮಕ್ಕೆ ಜನ ತಾವಾಗಿ ಬಂದು ಸೇರಿದರು. ನಮ್ಮ ಗ್ರಾಮದಲ್ಲಿ ನಾವು ಹುಟ್ಟಿ ಸಿಕ್ಕಿಕೊಂಡೆವು.

ಗೆಳೆಯರೇ, ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲಗೆ ಬಿಡಿ ಎಂದು ಕೇರಿ ಕೇರಿಗೆ ಹೇಳಿದೆವು, ಸರಿಯಾಗಿಯೇ ಹೇಳಿದೆವು. ಅದೇ ಹಲಗೆಯನ್ನು ಜಾಥಾಗಳಲ್ಲಿ ನಾವೇ ಬಾರಿಸಿದೆವು, ಅದೂ ಸರಿಯೇ. ಆದರೆ ಬಿಡುವ ಹಕ್ಕಿಗೆ ಹೋರಾಡಿದಷ್ಟು ಕಲಿಯುವ ಹಕ್ಕಿಗೆ ಹೋರಾಡಲಿಲ್ಲ. ನಮ್ಮ ಹುಡುಗರು ಡಾಕ್ಟರಾಗಲಿ, ಮಾಸ್ತರಾಗಲಿ ಅಂದೆವು. ನಮ್ಮ ಹುಡುಗಿ ನರ್ತಕಿಯಾಗಲಿ ಅನ್ನಲು ಬಾಯಿ ಬರಲಿಲ್ಲ. ದೇವದಾಸಿ ಪದ್ಧತಿಯ ನೋವು ಕಂಡ ನೆಲ ಇದು. ಅದನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದೇ 1982ರಲ್ಲಿ. ಹೆಣ್ಣು, ಗೆಜ್ಜೆ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಮುತ್ಯಾನ ಎದೆ ನಡುಗುವುದು ಸುಮ್ಮನೆ ಅಲ್ಲ. ಆ ಹೆದರಿಕೆಗೆ ನಾವು ಕೈ ಮುಗಿಯುತ್ತೇವೆ. ಆದರೆ ಆ ಹೆದರಿಕೆಯೇ ಮೊಮ್ಮಗಳಿಗೆ ಇನ್ನೊಂದು ಬೇಲಿ ಆಗಬಾರದು.

ಚಿಮ್ಮನಚೋಡದಿಂದ ಹೆಸರಘಟ್ಟ ಸುಮಾರು 600 ಕಿಲೋಮೀಟರು. ಕೊಲಂಬೊದವಳಿಗೆ ಅದು ಎಷ್ಟು ಪರದೇಶವೋ ನಮ್ಮ ಹುಡುಗಿಗೂ ಅಷ್ಟೇ ಪರದೇಶ. ತೊಗರಿ ರಾಶಿ ಮುಗಿದ ಮೇಲೆ ಹೈದರಾಬಾದು, ಮುಂಬಯಿಗೆ ಗಂಟು ಕಟ್ಟುವ ನಮಗೆ ಊರು ಬಿಡುವುದು ಹೊಸದಲ್ಲ. ದುಡಿಯಲು ಬಿಟ್ಟೆವು, ಕಲಿಯಲು ಬಿಡಲಿಲ್ಲ. ಹಾಗಾಗಿ ನಾವು ಕೇಳುವುದು ಇಷ್ಟು: ತಾಲ್ಲೂಕಿನ ಹಾಸ್ಟೆಲುಗಳಲ್ಲಿ ಅನ್ನ, ಪುಸ್ತಕದ ಜೊತೆ ಕುಣಿತ, ವಾದ್ಯ ಕಲಿಸುವ ಗುರುಗಳಿರಲಿ. ಆ ಗುರುಗಳಲ್ಲಿ ಹಲಗೆ ಬಲ್ಲ ನಮ್ಮ ಮುದುಕರೂ ಇರಲಿ, ಸಂಬಳ ಪಡೆದು, ಕುರ್ಚಿಯ ಮೇಲೆ ಕೂತು. ಕಲಿಯಲು ಯಾವ ಜಾತಿಯ ಮಗು ಬಂದರೂ ಬರಲಿ. ಬೇಡ ಅಂದ ಮಗು ಎದ್ದು ಹೋಗಲಿ.

ಹೋದ ವಾರ ಮತ್ತೆ ಆ ಮನೆಗೆ ಹೋಗಿದ್ದೆವು. ಹುಡುಗಿ ಮುತ್ಯಾನಿಗೆ ಉತ್ತರ ಕೊಟ್ಟಾಗಿತ್ತು. ‘ಮುತ್ಯಾ, ಕರದಲ್ಲಿ ಕುಣಿಯಂಗಿಲ್ಲ ನಾ. ಕುಣೀಬೇಕು ಅನಿಸಿದಾಗ ಕುಣೀತೀನಿ. ನೀ ಮುಂದ ಕುಂದ್ರು, ನಿನ್ನ ಮುಂದೇ ಕುಣೀತೀನಿ.’

ಮುತ್ಯಾ ಏನೂ ಅನ್ನಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಹಲಗೆಯ ಕಡೆ ಒಮ್ಮೆ ನೋಡಿದ. ಕೆಳಗೆ ಇಳಿಸಲಿಲ್ಲ. ಇಳಿಸುವುದೋ ಬಿಡುವುದೋ, ಅದು ಅವನಿಗೆ ಬಿಟ್ಟದ್ದು.