ದೌಲತಾಬಾದಿನ ನೀರು

ಹಾಳುಬಿದ್ದ ಕೋಟೆ ಕಂಡರೆ ಸಾಕು, ನಮ್ಮ ಕವಿಗಳಿಗೆ ದುಃಖ ಉಕ್ಕುತ್ತದೆ. ವೈಭವವೆಲ್ಲ ಮಣ್ಣಾಯಿತಲ್ಲಾ ಅಂತ. ಯಾರ ವೈಭವ, ಯಾರ ಬೆನ್ನ ಮೇಲೆ ಬಂದ ಕಲ್ಲು ಅಂತ ಕೇಳಿದವರು ಕಡಿಮೆ. ನಾನೂ ಪದ್ಯ ಬರೆಯೋನೇ. ಎಲ್ಲೋರದ ದಾರಿಯಲ್ಲಿ ದೌಲತಾಬಾದಿನ ಕೋಟೆ ಹತ್ತಿದಾಗ ನನಗೂ ಆ ದುಃಖ ಬರಬೇಕಿತ್ತು. ಬರಲಿಲ್ಲ.

ಜಾಗವೇನೋ ಸಾಮಾನ್ಯದ್ದಲ್ಲ. ಯಾದವರ ದೇವಗಿರಿ ಇದೇ. 1327ರಲ್ಲಿ ಮಹಮದ್ ಬಿನ್ ತುಘಲಕ್ ದಿಲ್ಲಿಯಿಂದ ರಾಜಧಾನಿಯನ್ನೇ ಇಲ್ಲಿಗೆ ಎತ್ತಿ ತಂದ. ಗುಡ್ಡದ ಬುಡವನ್ನು ಸುತ್ತಲೂ ಗೋಡೆಯ ಹಾಗೆ ಕಡಿದು ನಿಲ್ಲಿಸಿದ್ದಾರೆ. ಕೆಳಗೆ ಬಂಡೆಯಲ್ಲೇ ಕೊರೆದ ಕಂದಕ. ಮೇಲೇರಲು ಕತ್ತಲ ಸುರಂಗ, ಬಾವಲಿ ನಾತ. ಉಳಿ ಹಿಡಿದು ಇಷ್ಟನ್ನೂ ಕಡಿದವನ ಹೆಸರು ನನಗೆಲ್ಲೂ ಕಾಣಲಿಲ್ಲ.

1934ರಲ್ಲಿ ಅಂಬೇಡ್ಕರ್ ಇಲ್ಲಿಗೆ ಬಂದಿದ್ದರು, ಸುಮಾರು ಮೂವತ್ತು ಜನರ ಜೊತೆ. ಅವರೇ ಬರೆದಿಟ್ಟಿದ್ದಾರೆ. ರಂಜಾನ್ ತಿಂಗಳು. ಮೈತುಂಬ ದಾರಿಯ ಧೂಳು. ಬಾಗಿಲ ಹೊರಗೆ ತುಂಬಿದ ಸಣ್ಣ ಕೊಳ. ಕೆಲವರು ಮುಖ, ಕಾಲು ತೊಳೆದರು. ಬಿಳಿಗಡ್ಡದ ಮುದುಕನೊಬ್ಬ ಕೂಗುತ್ತ ಬಂದ: ಧೇಡರು ಕೊಳ ಮೈಲಿಗೆ ಮಾಡಿದರು! ಜನ ಸೇರಿತು, ಬೈಗುಳ ಸುರಿಯಿತು. ಬೈದವರು ಮುಸ್ಲಿಮರು. ನಿಮ್ಮ ಧರ್ಮ ಕಲಿಸೋದು ಇದನ್ನೇನಾ, ಅಸ್ಪೃಶ್ಯನೊಬ್ಬ ಮುಸ್ಲಿಮನಾದರೆ ಆಗಲೂ ತಡೀತೀರಾ ಅಂತ ಬಾಬಾಸಾಹೇಬರು ಕೇಳಿದ ಮೇಲೆ ಬಾಯಿ ಕಟ್ಟಿತು. ಕೊನೆಗೆ ಒಳಗೆ ಬಿಟ್ಟರು. ಆದರೆ ಎಲ್ಲೂ ನೀರು ಮುಟ್ಟಕೂಡದು. ಅದನ್ನು ನೋಡಿಕೊಳ್ಳಲು ಆಯುಧ ಹಿಡಿದ ಸಿಪಾಯಿ ಜೊತೆಗೆ. ಮಹಾಡದ ಕೆರೆ ಮುಟ್ಟಿ ಆಗಲೇ ಏಳು ವರ್ಷ.

ಯೋಚಿಸಿ ನೋಡಿ. ಯಾದವರು ಹೋಗಿದ್ದರು, ತುಘಲಕ್ ಹೋಗಿದ್ದ, ಕೋಟೆಗೆ ಮುತ್ತಿಗೆ ಹಾಕುವ ಶತ್ರುವೇ ಇರಲಿಲ್ಲ. ಆದರೂ ಕಾವಲು ಇತ್ತು, ನೀರಿಗೆ. ಹಾಗಾದರೆ ಹಾಳಾದದ್ದು ಯಾವುದು? ಹಿಂದೂ ಅಗ್ರಹಾರದಲ್ಲಿ ಬೆಳೆದ ಮೈಲಿಗೆ ಗೋಡೆ ಹಾರಿ ಮಸೀದಿ ಮಗ್ಗುಲಿಗೂ ಹೋಗಿತ್ತು. ಕಂದಕ ಅದನ್ನು ತಡೆಯಲಿಲ್ಲ.

"ಹಂಗಾದ್ರೆ ಕೋಟೆಗಳ್ನೆಲ್ಲ ಕೆಡವಿಬಿಡೋಣ್ವಾ?" ಅಂತ ಗೆಳೆಯ ರೇಗಿಸಿದ. ಬೇಡಪ್ಪ. ಕಡಿದವರಲ್ಲಿ ನಮ್ಮವರೂ ಇದ್ದಾರು. ಅವರು ಬಿಟ್ಟುಹೋದ ಅಕ್ಷರ ಅಂದರೆ ಆ ಉಳಿಯ ಗೀರೊಂದೇ. ನಿಜ ಹೇಳ್ತೀನಿ, ಸಂಜೆ ಬಿಸಿಲಲ್ಲಿ ಆ ಬಂಡೆ ನನಗೂ ಚಂದ ಕಂಡಿತು. ಚಂದ ಅನ್ನೋಕೆ ಅಡ್ಡಿಯಿಲ್ಲ, ಅಳೋಕೆ ಮಾತ್ರ ನನಗೆ ಕಾರಣ ಸಿಗಲಿಲ್ಲ.

ಟಿಕೆಟ್ ಕೊಟ್ಟವನು ನನ್ನ ಜಾತಿ ಕೇಳಲಿಲ್ಲ. ಇಳಿದು ಬಂದು ಬಾಟಲಿ ನೀರಲ್ಲಿ ಮುಖ ತೊಳೆದೆ. ಊರಿಗೆ ಬಂದು ಅಪ್ಪನಿಗೆ ಇದೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಆ ಕೊಳದಾಗೆ ನೀ ಕೈ ಹಾಕಿದ್ಯಾ?" ಅಂದ.

ಹಾಕಿರಲಿಲ್ಲ. ಅದು ಎಲ್ಲಿದೆ ಅಂತ ಹುಡುಕಿರಲೂ ಇಲ್ಲ.